ದಯವಿಟ್ಟು ನಮ್ಮ ಮೈಕ್ ರಿಪೇರಿ ಮಾಡಿಸಬೇಡಿ

ಬೆಂಗಳೂರಿನಿಂದ ವಿಸಿ ನಡೆಸುವ ಮಾನ್ಯ ಹೋಸ್ಟ್ ಸಾಹೇಬರಿಗೆ, ರಾಯಚೂರು ಜಿಲ್ಲೆಯ ಹೊರಗುತ್ತಿಗೆ ಕಂಪ್ಯೂಟರ್ ಆಪರೇಟರನೊಬ್ಬ ಮಾಡಿಕೊಳ್ಳುವ ಬಹಿರಂಗ ಅರಿಕೆ.

ವಿಷಯ: ವಿಡಿಯೊ ಕಾನ್ಫರೆನ್ಸ್ (ವಿಸಿ) ವೇಳೆ ಮೈಕ್ ದೋಷ ಸರಿಪಡಿಸುವ ಸುತ್ತೋಲೆಯನ್ನು ಹಿಂಪಡೆಯುವ ಕುರಿತು.

ಮಾನ್ಯರೇ,

ತಮ್ಮ ಸುತ್ತೋಲೆ ಬಂದು ಮುಟ್ಟಿದೆ. ತಾಲ್ಲೂಕುಗಳಿಂದ ಧ್ವನಿ ಕೇಳಿಸುತ್ತಿಲ್ಲ, ಎಲ್ಲ ಕಚೇರಿಗಳೂ ಮೈಕ್ ದುರಸ್ತಿ ಮಾಡಿಸಿ ಅನುಪಾಲನಾ ವರದಿ ಸಲ್ಲಿಸತಕ್ಕದ್ದು, ತಪ್ಪಿದಲ್ಲಿ ಸಂಬಂಧಪಟ್ಟವರೇ ನೇರ ಹೊಣೆ ಎಂದು ಅದರಲ್ಲಿದೆ. ಓದುತ್ತಲೇ ನಮ್ಮ ಕಚೇರಿಯಲ್ಲಿ ಎಲ್ಲರ ಮುಖ ಇಳಿದುಹೋಯಿತು. ಮೈಕ್ ಸರಿಹೋದರೆ ನಾವು ಮಾತಾಡಬೇಕಾಗುತ್ತದೆ, ತಾವು ಕೇಳಬೇಕಾಗುತ್ತದೆ. ಎರಡೂ ಕಡೆ ಸುಖವಾಗಿರುವ ಸಂಸಾರಕ್ಕೆ ಯಾರು ಸಾಹೇಬರೇ ಕಲ್ಲು ಹಾಕಿದ್ದು?

ನಾನು ಯಾರೆಂದು ತಮಗೆ ಗೊತ್ತಿರಲಿಕ್ಕಿಲ್ಲ. ಪರದೆಯ ಮೇಲೆ ಆಗಾಗ ಒಂದು ಕೈ, ಅರ್ಧ ತಲೆ, ಅಂಗಿಯ ಬೆನ್ನು ಅಡ್ಡ ಬರುತ್ತದಲ್ಲ, ಅದು ನಾನೇ. ರಾಯಚೂರಿನಲ್ಲಾಗಲಿ, ದೇವದುರ್ಗದಲ್ಲಾಗಲಿ, ಮಾನ್ವಿಯಲ್ಲಾಗಲಿ ವಿಸಿ ಇದ್ದ ದಿನ ಮೊದಲು ಕೇಳುವ ಮಾತು ಒಂದೇ: "ಏ ತಮ್ಮಾ, ಮೈಕ್ ನೋಡಪ." ಆಮೇಲಿನದು: "ಹಲೋ, ಹಲೋ, ಕೇಳ್ಸಕತ್ತದೇನ್ರಿ ಸರ?" 2018ರಲ್ಲಿ ನೀತಿ ಆಯೋಗದವರು ನಮ್ಮನ್ನೂ ಯಾದಗಿರಿಯನ್ನೂ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಗೆ ಸೇರಿಸಿದರು. ಅಂದಿನಿಂದ ನಮ್ಮ ಪ್ರಗತಿಯನ್ನು ವಿಚಾರಿಸುವವರ ಸಂಖ್ಯೆಯಲ್ಲಿ ಭಾರೀ ಪ್ರಗತಿಯಾಗಿದೆ. ಕೊರೊನಾ ಬಂದು ಹೋಯಿತು, ವಿಸಿ ಹೋಗಲಿಲ್ಲ.

ಒಂದು ಗುಟ್ಟು ಹೇಳಿಬಿಡುತ್ತೇನೆ. ನಮ್ಮ ಮೈಕ್‌ಗಳು ಬಹುಪಾಲು ಕೆಟ್ಟೇ ಇಲ್ಲ. ಮೀಟಿಂಗ್ ಲಿಂಕ್ ಮೊದಲ ಸಲ ಒತ್ತಿದಾಗ ಬ್ರೌಸರು "ಮೈಕ್ ಬಳಸಿಕೊಳ್ಳಲೇ?" ಎಂದು ಅನುಮತಿ ಕೇಳುತ್ತದೆ. ಯಾರೋ ಗಾಬರಿಯಾಗಿ "ಬ್ಲಾಕ್" ಒತ್ತಿಬಿಟ್ಟಿರುತ್ತಾರೆ. ಅಧಿಕಾರಿ ವರ್ಗವಾಗಿ ಹೋದರೂ ಬ್ರೌಸರ್ ಆ ಆದೇಶವನ್ನು ಪಾಲಿಸುತ್ತಲೇ ಇರುತ್ತದೆ. ಇಷ್ಟು ನಿಷ್ಠೆಯ ನೌಕರ ನಮ್ಮಲ್ಲಿ ಬೇರೆ ಇಲ್ಲ. ಮೇಲೆ ವಿಳಾಸದ ಪಕ್ಕದಲ್ಲಿರುವ ಚಿಹ್ನೆ ಒತ್ತಿ, ಮೈಕ್‌ಗೆ "ಅಲೋ" ಕೊಟ್ಟು, ಪುಟವನ್ನು ರಿಫ್ರೆಶ್ ಮಾಡಿದರೆ ಮುಗಿಯಿತು. ಡೆಸ್ಕ್‌ಟಾಪಿನ ಕಥೆ ಬೇರೆ. ಎರಡು ಪಿನ್ನಿನ ಹೆಡ್‌ಫೋನಿನಲ್ಲಿ ಗುಲಾಬಿ ಮೈಕಿಗೆ, ಹಸಿರು ಕಿವಿಗೆ. ಸಿಪಿಯು ಗೋಡೆಗೆ ಬೆನ್ನು ಹಾಕಿ ಕೂತಿರುತ್ತದೆ, ಹಿಂದೆ ಧೂಳು, ಜೇಡರಬಲೆ, ಕತ್ತಲು. ಕೈಯಾಡಿಸಿ ಸಿಕ್ಕ ತೂತಿಗೆ ಚುಚ್ಚಿದರೆ ನಮ್ಮ ಸಾಹೇಬರು ತಮ್ಮ ಮಾತನ್ನು ತಮ್ಮಲ್ಲೇ ಇಟ್ಟುಕೊಂಡು ತಾಸುಗಟ್ಟಲೆ ವರದಿ ಕೊಡುತ್ತಾರೆ.

ಬ್ಲೂಟೂತಿನ ಮಹಿಮೆಯನ್ನು ಮಾತ್ರ ವಿಸ್ತಾರವಾಗಿ ಹೇಳಬೇಕು. ಫೋನಿಗೆ ಹಳೆಯ ನೆಂಟಸ್ತನ ನೆನಪಿರುತ್ತದೆ. ಒಮ್ಮೆ ಜೋಡಿಯಾದ ಸಾಧನ ಹತ್ತಿರ ಬಂದರೆ ತಾನೇ ಹೋಗಿ ಕೈ ಹಿಡಿಯುತ್ತದೆ. ಒಂದು ದಿನ ಅಧಿಕಾರಿಯೊಬ್ಬರು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಫೋನಿನಲ್ಲೇ ವಿಸಿಗೆ ಸೇರಿ ಅಂಕಿ ಅಂಶ ಓದುತ್ತಿದ್ದರು. ಫೋನು ಕಿಟಕಿಯಾಚೆ ಬೇವಿನ ಮರದ ನೆರಳಿಗೆ ನಿಂತ ಅವರದೇ ಗಾಡಿಗೆ ಜೋಡಿಸಿಕೊಂಡಿತ್ತು. ಬೆಂಗಳೂರಿಗೆ ಮುಟ್ಟಿದ್ದು ಡ್ರೈವರು ಮನೆಗೆ ಮಾಡಿದ ಫೋನು: "ಇವತ್ತೂ ವಿಸಿ ಅದ. ಊಟಕ್ಕ ಕಾಯಬ್ಯಾಡ, ಇವರದು ಮುಗಿಯಂಗಿಲ್ಲ." ಆ ದಿನ ನಮ್ಮ ಜಿಲ್ಲೆಯಿಂದ ಬಂದ ಮಾಹಿತಿಗಳಲ್ಲಿ ಸಂಪೂರ್ಣ ಖಚಿತವಾದದ್ದು ಅದೊಂದೇ. ವಿಸಿಗೆ ಮುಂಚೆ ಬ್ಲೂಟೂತ್ ಆಫ್ ಮಾಡಿ, ಮೀಟಿಂಗಿನ ಆಡಿಯೊ ಸೆಟ್ಟಿಂಗಿನಲ್ಲಿ ಯಾವ ಮೈಕ್ ಆಯ್ಕೆಯಾಗಿದೆ ಎಂದು ಒಂದು ಸಲ ಕಣ್ಣಾಡಿಸಿದರೆ ಇದು ಆಗುವುದಿಲ್ಲ. ಆಗದಿದ್ದರೆ ತಮಗೇ ನಷ್ಟ. ಅಮೆರಿಕದ ಸುಪ್ರೀಂ ಕೋರ್ಟು 2020ರ ಮೇ ತಿಂಗಳಲ್ಲಿ ಫೋನಿನ ಮೂಲಕ ವಾದ ಕೇಳುತ್ತಿದ್ದಾಗ, ನೇರ ಪ್ರಸಾರದಲ್ಲೇ ಯಾರದೋ ಶೌಚಾಲಯದ ಫ್ಲಶ್ ಭರ್ರೆಂದಿತ್ತು. ಮುಚ್ಚಬೇಕಾದ ಮೈಕ್ ತೆರೆದಿರುವುದು, ತೆರೆಯಬೇಕಾದದ್ದು ಮುಚ್ಚಿರುವುದು ದೇವದುರ್ಗದ ವಿಶೇಷವೇನೂ ಅಲ್ಲ.

ನಮ್ಮೂರಿನದೇ ಎನ್ನಬಹುದಾದ ದೋಷಗಳೂ ಕೆಲವು ಇವೆ. ಹತ್ತಿ ಬಿಡಿಸುವ ಕಾಲಕ್ಕೆ ಮಾರುಕಟ್ಟೆ, ಜಿನ್ನಿಂಗ್ ಮಿಲ್ಲು ಸುತ್ತಿ ಬಂದವರ ಫೋನಿನಲ್ಲಿ, ಕೆಳಗೆ ಚಾರ್ಜರ್ ತೂತಿನ ಪಕ್ಕದ ಸಾಸಿವೆಯಷ್ಟು ಕಿಂಡಿಯಲ್ಲಿ ನೂಲಿನ ಎಳೆಯೂ ಧೂಳೂ ಸೇರಿ ಗಟ್ಟಿಯಾಗಿರುತ್ತವೆ. ಆ ಕಿಂಡಿಯೇ ಮೈಕ್. ಮೆತ್ತನೆಯ ಬ್ರಷ್ಷಿನಿಂದ ಒರೆಸಬೇಕು. ಸೂಜಿ ಹಾಕಿದರೆ ಒಳಗಿನ ಜಾಲರಿ ಹರಿದು ಮೈಕ್ ನಿಜವಾಗಿಯೇ ಕೆಡುತ್ತದೆ. ಏಪ್ರಿಲ್, ಮೇ ಬಂದರೆ ಫ್ಯಾನಿನ ಸಮಸ್ಯೆ. ನಲವತ್ತು ಡಿಗ್ರಿ ದಾಟಿದ ಬಿಸಿಲಲ್ಲಿ ಟೇಬಲ್ ಫ್ಯಾನು ನೇರ ಮೈಕ್ ಮೇಲೆ ಬೀಸಿದರೆ ತಮಗೆ ಬಿರುಗಾಳಿ ಕೇಳುತ್ತದೆ. ಆರಿಸಿದರೆ ಅಧಿಕಾರಿಯೇ ಆರುತ್ತಾರೆ. ಫ್ಯಾನಿನ ಮುಖ ಒಂದಿಷ್ಟು ಪಕ್ಕಕ್ಕೆ ತಿರುಗಿಸಿದರೆ ಸಾಕು, ಆದರೆ ಅದಕ್ಕೂ ಆದೇಶ ಬೇಕೆನ್ನುವವರಿದ್ದಾರೆ. ಕರೆಂಟ್ ವಿಷಯ ಎತ್ತಲು ನಾಚಿಕೆ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ ಆರ್‌ಟಿಪಿಎಸ್ 1985ರಿಂದ ನಾಡಿಗೆ ಬೆಳಕು ಕೊಡುತ್ತಿದೆ, ಇವತ್ತು ಅದರ ಸಾಮರ್ಥ್ಯ 1720 ಮೆಗಾವ್ಯಾಟ್. ಅದರ ಬೂದಿ ನಮಗೆ ತಪ್ಪದೇ ಸಿಗುತ್ತದೆ. ಕರೆಂಟ್ ಹೋದಾಗ ಕಂಪ್ಯೂಟರಿಗೆ ಯುಪಿಎಸ್ ಇರುತ್ತದೆ, ರೂಟರಿಗೆ ಇರುವುದಿಲ್ಲ. ಪರದೆಯ ಮೇಲೆ ತಾವು ಬಾಯಿ ತೆರೆದ ಭಂಗಿಯಲ್ಲಿ ನಿಂತುಬಿಡುತ್ತೀರಿ. ನಾವು ಕೈಕಟ್ಟಿ ತಮ್ಮ ದರ್ಶನ ಮಾಡುತ್ತಾ ಕೂರುತ್ತೇವೆ.

ಈಗ ಸ್ವಲ್ಪ ಮನೆಯ ಮಾತು. ಮಾನ್ವಿಯಲ್ಲಿರುವ ನನ್ನ ಸೋದರತ್ತೆಯವರದು ದಾಸರ ಪದಗಳ ಬಳಗ. ಜಗನ್ನಾಥದಾಸರು ನೆಲೆಸಿದ್ದ ಊರಲ್ಲವೇ, ಹರಿಕಥಾಮೃತಸಾರದ ಪಾರಾಯಣ ಅಲ್ಲಿ ಹೊಸದಲ್ಲ. ಅಮೆರಿಕದಲ್ಲಿರುವ ಸೊಸೆಯೂ ಸೇರುವಂತಾದದ್ದು ಹೊಸದು. ಅತ್ತೆ ತಂಬೂರಿ ಶ್ರುತಿ ಹಚ್ಚಿಕೊಂಡು ಕೂರುತ್ತಾರೆ. ಆಚೆಗೆ ತಂಬೂರಿ ಕೇಳುವುದೇ ಇಲ್ಲ, ದನಿಯೂ ನಡುನಡುವೆ ನುಂಗಿದಂತಾಗುತ್ತದೆ. "ನನ್ನ ಶ್ರುತಿ ಎಲ್ಲಿ ಹೋಗ್ತದೋ ಪುಟ್ಟಾ?" ಎಂದು ಅತ್ತೆ ಕೇಳಿದರು. ನೋಡಿದರೆ ಯಂತ್ರದ್ದೇ ಕಾರುಬಾರು. ಈ ಮೀಟಿಂಗ್ ಆ್ಯಪುಗಳಲ್ಲಿ ಗದ್ದಲ ತೆಗೆಯುವ ಒಂದು ವ್ಯವಸ್ಥೆ ಇದೆ. ಏರಿಳಿತ ಇರುವ ಸದ್ದನ್ನು ಅದು ಮಾತು ಎಂದು ಒಳಗೆ ಬಿಡುತ್ತದೆ. ಬಿಡದೆ ಒಂದೇ ಸಮನೆ ಬರುವುದನ್ನು, ಅದು ಫ್ಯಾನಿರಲಿ ತಂಬೂರಿಯಿರಲಿ, ಗದ್ದಲವೆಂದು ಅಳಿಸಿಹಾಕುತ್ತದೆ. ಝೂಮಿನಲ್ಲಿ "ಒರಿಜಿನಲ್ ಸೌಂಡ್" ಎಂಬುದನ್ನು ಆನ್ ಮಾಡಿಕೊಟ್ಟೆ. ತಂಬೂರಿ ಆಚೆಗೆ ಕೇಳಿತು, ಜೊತೆಗೆ ಪಕ್ಕದ ಮನೆಯ ಕುಕ್ಕರೂ.

ಸಾಹೇಬರೇ, ಅವತ್ತಿನಿಂದ ನನಗೆ ತಮ್ಮ ಮೇಲಿದ್ದ ಬೇಸರವೆಲ್ಲ ಹೋಯಿತು. ತಪ್ಪು ತಮ್ಮದಲ್ಲ, ಶ್ರುತಿಯದು. ತುಂಗಭದ್ರಾ ಎಡದಂಡೆ ನಾಲೆಯ ನೀರು ಮಾನ್ವಿ, ರಾಯಚೂರಿನ ಕೊನೆ ಭಾಗಕ್ಕೆ ಬರುತ್ತಿಲ್ಲ ಎಂದು ನಮ್ಮ ರೈತರು ಎಷ್ಟು ದಶಕದಿಂದ ಹೇಳುತ್ತಿದ್ದಾರೆ? ಅದೇ ನೀರಿನ ಮಟ್ಟದ ಗೇಜು, ಅದೇ ಮೇಲ್ಭಾಗದ ಅಕ್ರಮ ಪಂಪ್‌ಸೆಟ್ಟು, ಅದೇ ಹೂಳು. 2002ರಲ್ಲೇ ಡಿ.ಎಂ. ನಂಜುಂಡಪ್ಪ ಸಮಿತಿ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿಗೆ ಸೇರಿಸಿತ್ತು, ರಾಯಚೂರಿಗೆ ಐಐಟಿ ಕೊಡಿ ಎಂದಿತ್ತು. ಐಐಟಿ 2016ರಲ್ಲಿ ಧಾರವಾಡದಲ್ಲಿ ಶುರುವಾಯಿತು. ನಮಗೆ ಆಮೇಲೆ ಐಐಐಟಿ ಬಂತು. ಒಂದು ಐ ಹೆಚ್ಚಿಗೇ ಕೊಟ್ಟಿದ್ದೀರಿ, ಋಣಿಗಳು. ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಧರಣಿ ಕೂತವರು ಸಾವಿರ ದಿನ ದಾಟಿಸಿದರು. ಇಷ್ಟು ವರ್ಷ ಒಂದೇ ಸ್ವರದಲ್ಲಿ ಬರುವ ಸದ್ದನ್ನು ಯಾವ ಮರ್ಯಾದಸ್ಥ ಯಂತ್ರವಾದರೂ ಏನೆಂದು ತಿಳಿಯಬೇಕು?

ಅಪ್ಪಿತಪ್ಪಿ ಮೈಕ್ ಸರಿಯಿದ್ದ ದಿನ ಏನಾಯಿತೆಂದು ತಮಗೆ ನೆನಪಿದೆಯೋ ಇಲ್ಲವೋ. ವಿಭಾಗವಾರು ಕರೆಯುತ್ತಾ ಕಲಬುರಗಿ ವಿಭಾಗಕ್ಕೆ ಬರುವಷ್ಟರಲ್ಲಿ ತಮ್ಮ ಊಟದ ಹೊತ್ತಾಗಿತ್ತು. ಪರದೆಯ ಒಂದು ಪುಟದಲ್ಲಿ 25 ಚೌಕ, ರಾಜ್ಯದಲ್ಲಿ 31 ಜಿಲ್ಲೆ. ನಾವು ಎರಡನೆಯ ಪುಟದವರು. ಮಾತಾಡಿದವರ ಚೌಕ ತಾನಾಗಿ ಮುಂದೆ ಬರುತ್ತದೆ, ಮಾತಾಡಲು ಮೊದಲು ಮೈಕ್ ಬಿಡಬೇಕು, ಬಿಡಲು ತಾವು ಎರಡನೆಯ ಪುಟ ನೋಡಬೇಕು. "ಮಾನ್ವಿ, ಬೇಗ ಹೇಳ್ರಿ" ಎಂದಿರಿ. ನಮ್ಮ ಹಿರಿಯ ಇಂಜಿನಿಯರ್ ಒಬ್ಬರು, ನಿವೃತ್ತಿಗೆ ಹತ್ತಿರದವರು, ಸ್ಪೇಸ್ ಬಾರ್ ಒತ್ತಿ ಹಿಡಿದರೆ ಮೈಕ್ ತೆರೆದಿರುತ್ತದೆ ಎಂದು ನಾನು ಹೇಳಿಕೊಟ್ಟಂತೆ ಹೆಬ್ಬೆರಳಿನಿಂದ ಅದನ್ನು ಒತ್ತಿ ಹಿಡಿದು ಗೇಜಿನ ಲೆಕ್ಕ ಶುರುಮಾಡಿದರು. ಕಾಗದದಲ್ಲಿ ಬರೆದುಕೊಂಡು ಬಂದಿದ್ದರು: ಮೇಲೆ ಬಿಟ್ಟದ್ದೆಷ್ಟು, ನಮ್ಮಲ್ಲಿಗೆ ಮುಟ್ಟಿದ್ದೆಷ್ಟು, ನಡುವೆ ಕಾಣೆಯಾದದ್ದೆಷ್ಟು. ಎರಡನೆಯ ಸಾಲಿಗೇ ತಾವು "ಮ್ಯೂಟ್ ಆಲ್" ಒತ್ತಿದಿರಿ. ನಾವೇ ಮೈಕ್ ತೆರೆದುಕೊಳ್ಳುವ ಅವಕಾಶವನ್ನೂ ತೆಗೆದಿರಿ, ಆಮೇಲೆ ಸ್ಪೇಸ್ ಬಾರಿಗೂ ಬೆಲೆಯಿಲ್ಲ. ಅವರಿಗೆ ಅದು ಗೊತ್ತಾಗಲಿಲ್ಲ. ಪೂರ್ತಿ ಓದಿದರು. ಕೊನೆಗೆ ತಾವು "ಓಕೆ, ರಾಯಚೂರಿಂದ ಏನೂ ಸಮಸ್ಯೆ ಇಲ್ಲ ಅಂತಾಯ್ತು" ಎಂದಾಗ ಅವರು ನನ್ನ ಕಡೆ ತಿರುಗಿ, "ಪೂರಾ ಹೋತಲ್ಲಪ?" ಎಂದರು. "ಹೋತ್ರಿ ಸರ" ಎಂದೆ.

ಬೊಂಬಾಯಿಯಿಂದ ಬಂದ ರೈಲು ಹಳಿ, ಮದ್ರಾಸಿನಿಂದ ಬಂದ ಹಳಿ 1871ರಲ್ಲಿ ಕೂಡಿದ್ದು ನಮ್ಮ ರಾಯಚೂರಿನಲ್ಲೇ. ಕೋಟೆಯ ಗೋಡೆಯಲ್ಲಿ ನಲವತ್ತು ಅಡಿಗೂ ಹೆಚ್ಚು ಉದ್ದದ ಒಂದೇ ಕಲ್ಲಿನ ಮೇಲೆ 1294ರ ಶಾಸನವಿದೆ, ಆ ಕಲ್ಲನ್ನು ಕೋಣಗಳು ಬಂಡಿಯಲ್ಲಿ ಎಳೆದು ತಂದದ್ದನ್ನೂ ಕೊರೆದಿಟ್ಟಿದ್ದಾರೆ. ಹೇಳಬೇಕಾದ್ದನ್ನು ಮುಟ್ಟಿಸುವ ಕಲೆ ನಮಗೆ ಗೊತ್ತಿಲ್ಲದ್ದೇನಲ್ಲ. ಮುಂದಿನ ವರದಿಯನ್ನು ಕಲ್ಲಲ್ಲೇ ಕಳಿಸಿ ಎಂದರೆ ಅದಕ್ಕೂ ಟೆಂಡರ್ ಕರೆಯುತ್ತೇವೆ. ವಿಧಾನಸೌಧದ ಮೆಟ್ಟಿಲ ಮೇಲೆ ಇಳಿಸಿದರೆ ಮ್ಯೂಟ್ ಮಾಡುವುದು ಮಾತ್ರ ಸ್ವಲ್ಪ ಕಷ್ಟ.

ಆದಕಾರಣ ಸದರಿ ಸುತ್ತೋಲೆಯನ್ನು ಹಿಂಪಡೆಯಲು ಕೋರಿಕೆ. ದುರಸ್ತಿ ಆಗಲೇಬೇಕೆಂದು ತಾವು ಹಟ ಹಿಡಿದರೆ ನಮ್ಮ ಕಡೆಯ ಖರ್ಚು ದೊಡ್ಡದಲ್ಲ: ರೂಟರಿಗೆ ಒಂದು ಚಿಕ್ಕ ಯುಪಿಎಸ್, ತಂತಿಯ ಒಳ್ಳೆಯ ಮೈಕ್ ಒಂದು, ಒಂದೇ ಸಭಾಂಗಣದಲ್ಲಿ ಎರಡು ಲ್ಯಾಪ್‌ಟಾಪಿನಿಂದ ಒಂದೇ ವಿಸಿಗೆ ಸೇರಿ ಪ್ರತಿಧ್ವನಿ ಎಬ್ಬಿಸುವವರಿಗೆ ಒಂದು ಮೆಮೊ. ತಮ್ಮ ಕಡೆ ಎರಡನೆಯ ಪುಟಕ್ಕೆ ಹೋಗುವ ಬಾಣದ ಗುರುತು ಪರದೆಯ ಬಲಬದಿಯಲ್ಲಿ ಇರುತ್ತದೆ. ಒಮ್ಮೊಮ್ಮೆ ಕೊನೆಯಿಂದ ಕರೆಯುತ್ತಾ ಬಂದರೂ ಆದೀತು. ದೇವದುರ್ಗ ಮೊದಲು, ಬೆಂಗಳೂರು ಊಟದ ಹೊತ್ತಿಗೆ.

ಅಡಕ: ಅನುಪಾಲನಾ ವರದಿ, ಮೂರು ಪ್ರತಿ. ಎಲ್ಲ ಮೈಕ್‌ಗಳೂ ಸುಸ್ಥಿತಿಯಲ್ಲಿವೆ ಎಂದು ಬರೆದಿದೆ. ಸುತ್ತೋಲೆ ಬರುವ ಮೊದಲೇ ಸಹಿಯಾಗಿತ್ತು.

ಇಂತಿ ತಮ್ಮ ವಿಧೇಯ,
ವಿಸಿ ಜೋಡಿಸುವ ತಮ್ಮ

ವಿ.ಸೂ.: ಹೊಸ ಮೈಕ್ ಖರೀದಿಗೆ ದರಪಟ್ಟಿ ಕರೆಯುವ ಬಗ್ಗೆ ಚರ್ಚಿಸಲು ನಾಳೆ ಹನ್ನೊಂದಕ್ಕೆ ತಾವು ವಿಸಿ ಇಟ್ಟಿದ್ದೀರಂತೆ. ಲಿಂಕ್ ಇನ್ನೂ ಬಂದಿಲ್ಲ.