ಚಳಿಗಾಲದಾಗ ಚಳಿ ಇರತೈತಿ

ನಮ್ಮೂರು ಗುಡೂರು. ಹಾಗೆಂದರೆ ಬೆಂಗಳೂರಿನವರು, "ಓ, ಆಂಧ್ರದ ಗೂಡೂರಾ? ರೈಲ್ವೆ ಜಂಕ್ಷನ್?" ಎನ್ನುತ್ತಾರೆ. ಅಲ್ಲ ಸ್ವಾಮಿ. ಅವರಿಗೆ ದೀರ್ಘವೂ ಇದೆ, ರೈಲೂ ಇದೆ. ನಮಗೆ ಎರಡೂ ಇಲ್ಲ.

ಈ ಅವಮಾನ ತಾಳಲಾರದೆ ದೀಪಾವಳಿ ರಜೆಯಲ್ಲಿ ಊರಿಗೆ ಹೋದವನು, ವಿಕಿಪೀಡಿಯದಲ್ಲಿ ಊರಿನ ಪುಟವನ್ನು ಚೊಕ್ಕ ಮಾಡಿಯೇ ತೀರುತ್ತೇನೆಂದು ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತೆ. ಮಾದರಿಗೆಂದು ನಮ್ಮ ಕಡೆಯ ಹಳ್ಳಿಗಳ ನಾಲ್ಕಾರು ಪುಟ ತೆಗೆದರೆ, ಎಲ್ಲವೂ ಒಂದೇ ಅಚ್ಚಿನವು. ಬೇಸಿಗೆ, ಮಳೆಗಾಲ, ಚಳಿಗಾಲ ಇವೆ. ಜನ ಜೋಳದ ರೊಟ್ಟಿ ತಿನ್ನುತ್ತಾರೆ. ಹೆಂಗಸರು ಇಳಕಲ್ ಸೀರೆ ಉಡುತ್ತಾರೆ. ಒಳಗೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಚಿಗವ್ವನಿಗೆ ಕೇಳಲೆಂದು ಗಟ್ಟಿಯಾಗಿ ಓದಿದೆ. ಲಾಳಿ ನಿಂತಿತು.

"ಚಳಿಗಾಲದಾಗ ಚಳಿ ಇರತೈತಿ ಅಂತ ಬರಿಯಾಕ ಕಂಪ್ಯೂಟರ್ ಬೇಕಾತೇನೋ ತಮ್ಮಾ?"

ಸರಿ, ಹವಾಮಾನ ಬಿಟ್ಟೆ. ಗಟ್ಟಿ ಸಂಗತಿಯಿಂದಲೇ ಶುರು ಮಾಡೋಣವೆಂದು ತಾಲ್ಲೂಕು, ಜಿಲ್ಲೆ ಹಿಡಿದೆ. ಅದೂ ಸಲೀಸಿಲ್ಲ. ನಮ್ಮೂರು ಕೂತಲ್ಲಿಂದ ಕದಲಿಲ್ಲ, ಆದರೆ 1997ರಲ್ಲಿ ವಿಜಾಪುರ ಜಿಲ್ಲೆ ಬಿಟ್ಟು ಬಾಗಲಕೋಟೆಗೆ ಬಂತು, ಆಮೇಲೆ ಹುನಗುಂದ ತಾಲ್ಲೂಕು ಬಿಟ್ಟು ಇಳಕಲ್ಲಿಗೆ ಹೋಯಿತು. ಅಷ್ಟರಲ್ಲಿ ಕಾಕಾ ಬಂದರು. ಕಟ್ಟೆಗೆ ಬೆನ್ನು ಕೊಟ್ಟು ಪಟ್ಟಿ ಬಿಚ್ಚಿದರು: ಯಾರ ಎತ್ತು ಯಾವ ವರ್ಷ ಕರಿ ಹರಿಯುವ ಓಟದಲ್ಲಿ ಗೆದ್ದಿತು, ಬಸ್ ಸ್ಟ್ಯಾಂಡಿನ ಯಾವ ಅಂಗಡಿಯ ಮಿರ್ಚಿ ಎಷ್ಟು ಗಂಟೆಗೆ ತೀರುತ್ತದೆ, ತಮ್ಮನ್ನು ಯಾರು ಯಾರು ಸೇರಿ ಪಂಚಾಯ್ತಿ ಚುನಾವಣೆಯಲ್ಲಿ ಸೋಲಿಸಿದರು.

"ಕಾಕಾ, ಇದಕ್ಕೆಲ್ಲ ಅಚ್ಚಾದ ಆಧಾರ ಬೇಕ್ರಿ."

"ಊರಿಗೆ ಊರೇ ನೋಡೈತಲ್ಲೋ!"

ಊರು ನೋಡಿದ್ದು ವಿಶ್ವಕೋಶಕ್ಕೆ ಆಧಾರವಲ್ಲ. ನೀವು ಕಣ್ಣಾರೆ ಕಂಡದ್ದನ್ನು ಬರೆದರೆ ಅದು ಸ್ವಂತ ಸಂಶೋಧನೆ, ಅಂದರೆ ಅಪರಾಧ. ಬೇರೆ ಯಾರೋ ಕಂಡು, ಬರೆದು, ಅದು ಅಚ್ಚಾಗಿದ್ದರೆ ಮಾತ್ರ ಜ್ಞಾನ. ತನ್ನನ್ನು ತಾನು ಹೊಗಳಿಕೊಳ್ಳುವುದಂತೂ ಮಹಾಪರಾಧ. ಕಾಕಾ ಮುನಿಸಿಕೊಂಡು ಎದ್ದು ಹೋದರು. ನಿಯಮ ಒಳ್ಳೆಯದೇ. ಇಲ್ಲದಿದ್ದರೆ ಗುಡೂರಿನ ಇತಿಹಾಸ ಅವರ ಚುನಾವಣೆಯಿಂದ ಆರಂಭವಾಗಿ ಅಲ್ಲೇ ಮುಗಿಯುತ್ತಿತ್ತು.

ಆದರೂ ಒಂದು ಅನುಮಾನ. ನಮ್ಮ ನೆರೆಯ ಐಹೊಳೆಯ ಮೇಗುತಿ ಗುಡಿಯ ಗೋಡೆಯಲ್ಲಿ 634ರ ಶಾಸನವಿದೆ. ಬರೆದವನು ರವಿಕೀರ್ತಿ. ಇಮ್ಮಡಿ ಪುಲಿಕೇಶಿಯನ್ನು ಹೊಗಳಿ ಮುಗಿಸಿದ ಮೇಲೆ ಸುಮ್ಮನಿರಲಿಲ್ಲ, ಕವಿತೆಯಲ್ಲಿ ತಾನು ಕಾಳಿದಾಸ, ಭಾರವಿಯರ ಸಾಟಿ ಎಂದು ಕಲ್ಲಿನಲ್ಲೇ ಹೇಳಿಕೊಂಡ. ಇಂದಿನ ಸಂಪಾದಕರಾಗಿದ್ದರೆ ಆ ಸಾಲನ್ನು ಉಳಿ ತಂದು ಕೆತ್ತಿ ಹಾಕುತ್ತಿದ್ದರು. ಆದರೆ ಕಾಳಿದಾಸ 634ಕ್ಕೆ ಮೊದಲೇ ಹೆಸರಾಗಿದ್ದ ಎಂದು ವಿದ್ವಾಂಸರು ಬೆರಳಿಟ್ಟು ತೋರಿಸುವುದು ಇದೇ ಜಂಬದ ಸಾಲನ್ನು.

ಇದನ್ನೇ ಯೋಚಿಸುತ್ತ ಒಳಗೆ ಹೋದೆ. ಚಿಗವ್ವ ಕೊಂಡಿ ಹಾಕುತ್ತಿದ್ದಳು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಕೆಂಪು ಹಾಸು ಬೇರೆ. ಒಂದರ ಎಳೆಯ ಕುಣಿಕೆಯಲ್ಲಿ ಇನ್ನೊಂದರ ಎಳೆ ತೂರಿಸಿ ಎರಡನ್ನೂ ಜೋಡಿಸಬೇಕು. ಆಮೇಲೆ ಸೆರಗಿನಲ್ಲಿ ಜೋಳದ ತೆನೆಯಂಥ ಬಿಳಿ ಚಿತ್ತಾರ ಏಳುತ್ತದೆ, ಅದೇ ಟೋಪ ತೆನಿ. ಕಣ್ಣು ಕಿರಿದು ಮಾಡಿ ಒಂದೊಂದೇ ಎಳೆ ಬೆರಳ ತುದಿಯಲ್ಲಿ ಹೊಸೆಯುತ್ತಿದ್ದಳು.

"ಇದನ್ನ ಹಾಕು," ಎಂದಳು.

"ಇದು ಇಳಕಲ್ ಸೀರೆ ಅನ್ನೋ ಪುಟಕ್ಕೆ ಹೋಗತೈತಿ ಚಿಗವ್ವ."

"ನೇಯೂದು ಗುಡೂರಾಗ, ಹೆಸರು ಇಳಕಲ್ಲಿಗೆ?"

"ಗುಡೂರಾಗ ನೇಯತಾರ ಅನ್ನಾಕ ಆಧಾರ ಬೇಕು."

ಅವಳು ಮಾತಾಡಲಿಲ್ಲ. ಬಣ್ಣ ಹತ್ತಿದ ಹತ್ತೂ ಬೆರಳು ಮುಂದೆ ಚಾಚಿದಳು. ಅದಕ್ಕೆ ಪುಟಸಂಖ್ಯೆ ಇರಲಿಲ್ಲ.

ಮೂರು ದಿನ ದುಡಿದು ಐದು ಸಾಲು ಬರೆದಿದ್ದೇನೆ. ಚಳಿಗಾಲ ಇಲ್ಲ, ಕಾಕಾ ಇಲ್ಲ. ಆರನೆಯ ಸಾಲಿಗೆ ಜಾಗ ಬಿಟ್ಟಿದ್ದೇನೆ. ಗುಡೂರಿನ ನೇಕಾರರ ಬಗ್ಗೆ ಅಚ್ಚಾದ ಪುಸ್ತಕವೋ ಹಳೆಯ ಪತ್ರಿಕೆಯೋ ನಿಮ್ಮ ಅಟ್ಟದ ಮೇಲಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಪುಟಸಂಖ್ಯೆ ಸಮೇತ ತಿಳಿಸಿ.