ಹಳದಿ ಗೆರೆಯ ಈಚೆ

ನಾವು ಬುಶ್ ಸಪ್ಲೈ ಮಾಡುವ ದೊಡ್ಡ ಕಂಪನಿಯವರು ಹೋದ ವರ್ಷ ಸಪ್ಲೈಯರ್‌ಗಳನ್ನೆಲ್ಲ ಸ್ಟಾರ್ ಹೋಟೆಲಿಗೆ ಕರೆದು ಊಟ ಹಾಕಿದರು. ದೊಡ್ಡವರು ಕರೆದು ಊಟ ಹಾಕಿದರೆ ಪೀಣ್ಯದಲ್ಲಿ ಲೇತ್ ಓಡಿಸುವವರಿಗೆ ಎದೆ ಢವಢವ. ಊಟಕ್ಕೆ ಮುಂಚೆ ಕನ್ಸಲ್ಟಂಟ್ ಒಬ್ಬರು ಎದ್ದು, "ಇನ್ನು ನಮ್ಮ ಸ್ಟೋರ್ಸ್‌ನಲ್ಲಿ ದಾಸ್ತಾನು ಇಷ್ಟೇ" ಎಂದು ಪರದೆಯ ಮೇಲೆ ಒಂದು ದೊಡ್ಡ ಸೊನ್ನೆ ತೋರಿಸಿದರು. ನಾವೂ ಚಪ್ಪಾಳೆ ತಟ್ಟಿದೆವು. ಆ ಸೊನ್ನೆಯೊಳಗೆ ಕೂರಬೇಕಾದವರು ನಾವೇ ಅಂತ ಗೊತ್ತಾಗುವಷ್ಟರಲ್ಲಿ ಊಟ ಅರಗಿತ್ತು.

ದಾಸ್ತಾನಿನ ಹೊಣೆಯನ್ನು ಸಪ್ಲೈಯರ್‌ಗೇ ಬಿಡುವ ಈ ಪದ್ಧತಿಗೆ ವೆಂಡರ್ ಮ್ಯಾನೇಜ್ಡ್ ಇನ್ವೆಂಟರಿ ಎನ್ನುತ್ತಾರೆ. ಮ್ಯಾನೇಜ್ ಮಾಡುವವರು ನಾವು ಎಂಬ ಗೌರವ ಹೆಸರಿನಲ್ಲೇ ಇದೆ. ಮೊನ್ನೆ ಕಂಪನಿಗೆ ಹೋಗಿ ಕಣ್ಣಾರೆ ನೋಡಿ ಬಂದೆ. ಸ್ಟೋರ್ಸ್ ನೆಲದ ಮೇಲೆ ಉದ್ದಕ್ಕೆ ಹಳದಿ ಗೆರೆ. ಗೆರೆಯ ಈಚೆ ನಮ್ಮ ರ‍್ಯಾಕು, ರ‍್ಯಾಕಿನಲ್ಲಿ ನೀಲಿ ಬಿನ್ನು, ಬಿನ್ನಿನಲ್ಲಿ ತುಕ್ಕು ಹಿಡಿಯದಿರಲಿ ಅಂತ ಎಣ್ಣೆ ಸವರಿದ ನಮ್ಮ ಬುಶ್‌ಗಳು. ಅಲ್ಲಿರುವಷ್ಟು ದಿನ ಅವು ನಮ್ಮವು. ಲೈನಿನ ಹುಡುಗ ಬಂದು ಒಂದು ಟ್ರೇ ತುಂಬಿಕೊಂಡು, ಬಾರ್‌ಕೋಡಿಗೆ ಸ್ಕ್ಯಾನರ್ ಹಿಡಿದು 'ಟುಣ್' ಅನ್ನಿಸಿ ಗೆರೆ ದಾಟಿದರೆ ಅವರವು. ಸೂರು ಅವರದು, ಬೀಗ ಅವರದು, ಸಿಸಿ ಕ್ಯಾಮೆರಾ ಅವರದು. ಬಿನ್ನಿನಲ್ಲಿರುವ ಬ್ಯಾಂಕ್ ಸಾಲ ಮಾತ್ರ ನಮ್ಮದು. ಲಕ್ಷ್ಮಣ ಗೆರೆ ಎಳೆದದ್ದು ಸೀತೆಯನ್ನು ಕಾಯಲು. ಈ ಗೆರೆ ಕಾಯುವುದು ಬ್ಯಾಲೆನ್ಸ್ ಶೀಟನ್ನು. ರ‍್ಯಾಕ್ ನಿಂತ ಜಾಗಕ್ಕೆ ಬಾಡಿಗೆಯನ್ನೂ ನಮ್ಮ ಬಿಲ್ಲಿನಲ್ಲೇ ಮುರಿದುಕೊಳ್ಳುತ್ತಾರೆ.

ಕಾನೂನು ಇಲ್ಲವೇ ಅಂತ ಕೇಳುತ್ತೀರಿ. ಧಾರಾಳವಾಗಿದೆ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ, ಎಂಥ ಕರಾರು ಬರೆದುಕೊಂಡಿದ್ದರೂ ಪಾವತಿ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಸಾಲದೆಂದು 2023ರಲ್ಲಿ ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಸೇರಿಸಿದರು: ಕಿರು ಮತ್ತು ಸಣ್ಣ ಉದ್ದಿಮೆಗೆ ಗಡುವಿನೊಳಗೆ ಕೊಡದ ದುಡ್ಡನ್ನು, ಕೊಡುವ ತನಕ ಖರ್ಚೆಂದು ತೋರಿಸುವಂತಿಲ್ಲ. ಆದರೆ 45 ದಿನ ಎಣಿಸುವುದು ಮಾಲು ಕೈಸೇರಿದ ದಿನದಿಂದ. ಕೈಸೇರುವುದೆಂದರೆ ಯಾವಾಗ? ಗೇಟಿನೊಳಗೆ ಬಂದಾಗಲೇ ಅಂತ ನಾವು. 'ಟುಣ್' ಅಂದಾಗ ಅಂತ ಅವರು. ಎರಡು ತಿಂಗಳು ರ‍್ಯಾಕಿನಲ್ಲಿ ಕೂತ ಬುಶ್ಶು ಅವರ ಲೆಕ್ಕದಲ್ಲಿ ಇನ್ನೂ ಹುಟ್ಟಿಯೇ ಇಲ್ಲ. ಬಡ್ಡಿ ಕೇಳಬಹುದು, ನಿಜ. ಬಡ್ಡಿ ಕೇಳಿದವನನ್ನು ಮರುವರ್ಷದ ಊಟಕ್ಕೆ ಕರೆದದ್ದನ್ನು ನಾನು ನೋಡಿಲ್ಲ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ.

ಪದ್ಧತಿ ಕೆಟ್ಟದ್ದಲ್ಲ. 1980ರ ದಶಕದಲ್ಲಿ ಅಮೆರಿಕದ ವಾಲ್‌ಮಾರ್ಟ್ ಮತ್ತು ಪ್ರಾಕ್ಟರ್ ಅಂಡ್ ಗ್ಯಾಂಬಲ್ ಇದನ್ನೇ ಮಾಡಿ ಇಬ್ಬರೂ ಉದ್ಧಾರವಾದರು. ಅಲ್ಲಿ ವಾಲ್‌ಮಾರ್ಟ್ ತನ್ನ ಮಾರಾಟದ ಲೆಕ್ಕವನ್ನೇ ಸಪ್ಲೈಯರ್ ಮುಂದೆ ಬಿಚ್ಚಿಟ್ಟಿತು; ಎಷ್ಟು ಖರ್ಚಾಗುತ್ತಿದೆ ಅಂತ ನೋಡಿ ಅವರು ಅಷ್ಟು ತುಂಬಿದರು. ನಮಗೆ ಬಿಚ್ಚಿಡುವುದು ಫೋರ್‌ಕಾಸ್ಟು. ಅದಕ್ಕಿಂತ ಒಂಟಿಕೊಪ್ಪಲ್ ಪಂಚಾಂಗ ವಾಸಿ, ಗ್ರಹಣವನ್ನಾದರೂ ಸರಿಯಾಗಿ ಹೇಳುತ್ತದೆ. ಸೋಮವಾರ 12,000 ಅಂದದ್ದು ಗುರುವಾರ 7,000 ಆಗುತ್ತದೆ. ಶನಿವಾರ ಡ್ರಾಯಿಂಗ್ ಬದಲಾಗಿ, ಒಳವ್ಯಾಸ ಕೂದಲೆಳೆಯಷ್ಟು ಹೆಚ್ಚಾಗಿ, ರ‍್ಯಾಕಿನಲ್ಲಿದ್ದ ಅಷ್ಟೂ ಮಾಲು ಗುಜರಿ ಪಾಲು. ಗುಜರಿಯವನು ಮಾತ್ರ ಸ್ಥಳದಲ್ಲೇ ನಗದು ಕೊಡುತ್ತಾನೆ. ನಮ್ಮ ಸಪ್ಲೈ ಚೈನಿನಲ್ಲಿ ಅವನೊಬ್ಬನೇ ಸಭ್ಯ.

ಇನ್ನು ನಮ್ಮ ಒಳಬರುವ ಮಾಲಿನ ಚಿಂತೆ ಯಾರಿಗೆ? ಉಕ್ಕಿನ ರಾಡಿಗೆ ಮುಂಗಡ ಕಟ್ಟದಿದ್ದರೆ ಡೀಲರು ಲಾರಿ ಲೋಡ್ ಮಾಡಿಸುವುದಿಲ್ಲ. ಅತ್ತ ಮುಂಗಡ, ಇತ್ತ ಉದ್ರಿ, ನಾವು ಅಡಕತ್ತರಿಯ ಅಡಿಕೆ. ಆ ಲಾರಿ ಬರುವ ಪೀಣ್ಯ ಮೇಲ್ಸೇತುವೆ 2021ರ ಡಿಸೆಂಬರಿನಲ್ಲಿ ಮುಚ್ಚಿತು. ಭಾರಿ ವಾಹನಗಳಿಗೆ ಮತ್ತೆ ತೆರೆದದ್ದು 2024ರ ಜುಲೈನಲ್ಲಿ. ನಮ್ಮಿಂದ ಲೈನ್ ನಿಂತರೆ ನಿಮಿಷಕ್ಕಿಷ್ಟು ಅಂತ ಡೆಬಿಟ್ ನೋಟ್ ಬರುತ್ತದೆ. ಸೇತುವೆಗೆ ಡೆಬಿಟ್ ನೋಟ್ ಹಾಕುವುದು ಹೇಗೆಂದು ಕನ್ಸಲ್ಟಂಟರು ಹೇಳಿಕೊಡಲಿಲ್ಲ.

ಅವರು ಮಾತೆತ್ತಿದರೆ ಟೊಯೊಟಾ ಅನ್ನುತ್ತಾರೆ. ಆ ಕಥೆ ಪೂರ್ತಿ ಕೇಳಿ. 1997ರ ಫೆಬ್ರುವರಿ 1ರಂದು ಜಪಾನಿನ ಕರಿಯಾದಲ್ಲಿ ಐಸಿನ್ ಕಾರ್ಖಾನೆಗೆ ಬೆಂಕಿ ಬಿತ್ತು. ಟೊಯೊಟಾ ಕಾರುಗಳ ಬ್ರೇಕಿನ ಪಿ-ವಾಲ್ವ್ ಬಹುಪಾಲು ಅಲ್ಲೇ ಆಗುತ್ತಿತ್ತು, ದಾಸ್ತಾನು ಎಂದರೆ ನಾಮಕಾವಸ್ತೆ. ಜಪಾನಿನಲ್ಲಿ ಟೊಯೊಟಾ ಲೈನುಗಳು ನಿಂತವು. ಆಗ ಸಪ್ಲೈಯರ್‌ಗಳು, ಹೊಲಿಗೆ ಯಂತ್ರದ ಬ್ರದರ್ ಕಂಪನಿ ಕೂಡ, ರೇಟು ಮಾತಾಡದೆ ವಾಲ್ವ್ ಮಾಡಿಕೊಟ್ಟರು; ಸುಮಾರು ಒಂದು ವಾರದಲ್ಲಿ ಕಾರು ಮತ್ತೆ ಹೊರಬಂತು. ಆಮೇಲೆ ಟೊಯೊಟಾ ಸಪ್ಲೈಯರ್‌ಗಳ ನಷ್ಟಕ್ಕೆ ಪರಿಹಾರ ಕೊಟ್ಟಿತು. ಅದೇ ವರ್ಷ ನಮ್ಮ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಂಪನಿಯೂ ಶುರುವಾಯಿತು. ಅದನ್ನು ನೋಡಿದವರೆಲ್ಲ ಬೇಕಾದಾಗ ಬೇಕಾದಷ್ಟೇ ಮಾಲು ತರಿಸುವ ಕಾನ್‌ಬಾನ್ ಕಾರ್ಡನ್ನು ತಮ್ಮ ತಮ್ಮ ಗೋಡೆಗೆ ನೇತುಹಾಕಿದರು. ಕಾರ್ಡು ಅಗ್ಗ. ವಾರದ ಪ್ಲಾನನ್ನು ವಾರವಿಡೀ ಬದಲಿಸದೆ ಇರುವುದು ದುಬಾರಿ.

ಕೊನೆಗೆ ನಾನೂ ಸುಧಾರಣೆ ಮಾಡೋಣ ಅಂತ ನಮ್ಮ ಬೀದಿಯ ದಿನಸಿ ಅಂಗಡಿಗೆ ಹೋದೆ. "ಒಂದು ಮೂಟೆ ಅಕ್ಕಿ ನಮ್ಮ ಅಡುಗೆಮನೆಯಲ್ಲಿ ತಂದಿಡಿ. ಅದು ನಿಮ್ಮದೇ. ಪಾವು ತೆಗೆದು ತೊಳೆಯುವಾಗ ನಮ್ಮದಾಗುತ್ತೆ, ಅಲ್ಲಿಂದ 45 ದಿನಕ್ಕೆ ದುಡ್ಡು. ಇಲಿ ತಿಂದರೆ ನಿಮ್ಮ ಲೆಕ್ಕ. ಮೂಲೆಗೆ ಬಾಡಿಗೆ ಬೇರೆ" ಅಂದೆ.

ಅಂಗಡಿಯವರು ತಕ್ಕಡಿಯಿಂದ ಕಣ್ಣೆತ್ತದೆ, ತಲೆಯ ಮೇಲಿನ ಬೋರ್ಡಿನತ್ತ ಬೆರಳು ತೋರಿಸಿದರು: 'ಇಂದು ನಗದು, ನಾಳೆ ಉದ್ರಿ.'

"ಸಾರ್, ಇದನ್ನ ನಿಮ್ಮ ಫ್ಯಾಕ್ಟ್ರಿಗೂ ಒಂದು ಬರೆಸಿ."

ಬರೆಸಿದೆ. ಈಗ ಅದು ನಮ್ಮ ಟೂಲ್ ರೂಮಿನ ಬಾಗಿಲ ಹಿಂದೆ, ಗೋಡೆಗೆ ಮುಖ ಮಾಡಿ ನಿಂತಿದೆ. ಮುಂದಿನ ವಾರ ಕಂಪನಿಯವರು ಆಡಿಟ್‌ಗೆ ಬರುತ್ತಿದ್ದಾರೆ.