ಲಿನಕ್ಸ್ ಡೆಸ್ಕ್‌ಟಾಪ್ ಕಟ್ಟುವವರಿಗೆ ಒಂದು ಬಹಿರಂಗ ಪತ್ರ

ಪ್ರಿಯ ಗ್ನೋಮ್, ಕೆಡಿಇ ಬಳಗದವರೇ, ಡಿಸ್ಟ್ರೋಗಳನ್ನು ಸಿದ್ಧಪಡಿಸುವ ಗೆಳೆಯರೇ,

ಮೊದಲು ನಿಮ್ಮ ಉಪಕಾರ ನೆನೆಯುತ್ತೇನೆ. ಹಿಂದೆ ಲಿನಕ್ಸ್‌ನಲ್ಲಿ ‘ರಾಷ್ಟ್ರ’ ಎಂಬ ಪದದ ಒತ್ತಕ್ಷರಗಳು ಒಂದು ತಂತ್ರಾಂಶದಲ್ಲಿ ಸರಿಯಾಗಿ ಕೂತರೆ ಇನ್ನೊಂದರಲ್ಲಿ ಚದುರಿಹೋಗುತ್ತಿದ್ದವು. ಅಕ್ಷರ ಜೋಡಿಸಲು ಪ್ಯಾಂಗೋ, ಕ್ಯೂಟಿ, ಲಿಬ್ರೆಆಫೀಸ್ ತಂತಮ್ಮ ದಾರಿ ಹಿಡಿದಿದ್ದವು. ಈಗ ಎಲ್ಲವೂ ಹಾರ್ಫ್‌ಬಜ್ ಎಂಬ ಒಂದೇ ಎಂಜಿನ್ ನಂಬಿವೆ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ಕೂಡ ಅದನ್ನೇ ಬಳಸುತ್ತವೆ. ಕನ್ನಡದ ಒಂದು ದೋಷವನ್ನು ಅಲ್ಲಿ ತಿದ್ದಿದರೆ ಸಾಕು, ಅದು ಎಲ್ಲರಿಗೂ ತಲುಪುತ್ತದೆ.

ಓದುವ ಕಷ್ಟ ಹೀಗೆ ನೀಗಿತು. ಬರೆಯುವ ಕಷ್ಟ ನೀಗಿಲ್ಲ.

ಸರ್ಕಾರಿ ಕಚೇರಿಯಲ್ಲಿ ‘ನುಡಿ’ ತಂತ್ರಾಂಶ ಬಳಸಿ ಕೈ ಪಳಗಿದ ಒಬ್ಬ ಟೈಪಿಸ್ಟ್ ಅನ್ನು ನೆನೆಸಿಕೊಳ್ಳಿ. ಆಕೆಗೆ ಬೇಕಿರುವುದು ಕೆಜಿಪಿ ಕೀಲಿಮಣೆ ವಿನ್ಯಾಸ ಒಂದೇ. ಗ್ನೋಮ್‌ನಲ್ಲಾದರೆ ಅದು ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲೇ ಸಿಗುತ್ತದೆ, 2012ರ 3.6ನೇ ಆವೃತ್ತಿಯಿಂದ ಐಬಸ್ ಎಂಬ ಇನ್‌ಪುಟ್ ವ್ಯವಸ್ಥೆ ಅಲ್ಲಿ ಬೆಸೆದುಕೊಂಡಿದೆ. ಆದರೆ ಅದೇ ವಿನ್ಯಾಸ ಎರಡು ರೂಪದಲ್ಲಿದೆ. ಎಕ್ಸ್‌ಕೆಬಿ ಎಂಬ ಕೀಲಿಮಣೆ ವ್ಯವಸ್ಥೆಯ ‘ಕಗಪ’ದಲ್ಲಿ ಒಂದೊಂದು ಕೀಲಿಗೆ ಒಂದೊಂದು ಚಿಹ್ನೆ ನಿಗದಿಯಾಗಿದೆ, ಹಿಂದೆ ಯಾವ ಅಕ್ಷರ ಬಂದಿದೆ ಎಂದು ಅದು ನೋಡುವುದಿಲ್ಲ. ಐಬಸ್ ಮೂಲಕ ಬರುವ ಎಂ17ಎನ್ ಸಂಗ್ರಹದ ‘ಕೆಜಿಪಿ’ ಹಿಂದಿನ ಅಕ್ಷರ ನೋಡಿ ಕಾಗುಣಿತ ಮಾಡುತ್ತದೆ. ಯಾವುದನ್ನು ಆರಿಸಬೇಕೆಂದು ಆಕೆಗೆ ಹೇಳುವವರಿಲ್ಲ.

ಕೆಡಿಇಗೆ ಬನ್ನಿ. ವೇಲ್ಯಾಂಡ್‌ನಲ್ಲಿ ಐಬಸ್ ಅಥವಾ ಅಂಥದ್ದೇ ಇನ್ನೊಂದಾದ ಎಫ್‌ಸಿಟಿಎಕ್ಸ್ ಚಾಲೂ ಮಾಡುವ ಗುಂಡಿ ಇರುವುದು ‘ವರ್ಚುವಲ್ ಕೀಬೋರ್ಡ್’ ಎಂಬ ಪುಟದಲ್ಲಿ. ಮೇಜಿನ ಮೇಲಿನ ನಿಜವಾದ ಕೀಲಿಮಣೆಯಲ್ಲಿ ಕನ್ನಡ ಕುಟ್ಟಬೇಕೆನ್ನುವವರು ಅಲ್ಲಿ ಯಾಕೆ ಹುಡುಕಿಯಾರು? ಹಳೆಯ ಎಕ್ಸ್11ನಲ್ಲಾದರೆ ಜಿಟಿಕೆಗೊಂದು, ಕ್ಯೂಟಿಗೊಂದು ಎಂದು ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನು ಕೈಯಾರೆ ಬರೆಯಬೇಕಾಗುತ್ತಿತ್ತು. ಇನ್ನು ಬ್ರೌಸರ್. ವೇಲ್ಯಾಂಡ್‌ನ ಟೆಕ್ಸ್ಟ್-ಇನ್‌ಪುಟ್ ಒಪ್ಪಂದದ ಮೂರನೇ ಆವೃತ್ತಿಯನ್ನು ಗ್ನೋಮ್ ಹಿಡಿದರೆ, ಕ್ರೋಮ್‌ನ ತಳಹದಿಯಾದ ಕ್ರೋಮಿಯಂ ಬಹುಕಾಲ ಮೊದಲನೆಯದಕ್ಕೇ ಅಂಟಿಕೊಂಡಿತ್ತು, ಹಾಗಾಗಿ ಇವೆರಡೂ ಹೊಂದುತ್ತಿರಲಿಲ್ಲ. ಇಂಗ್ಲಿಷ್ ಬರೆಯುವವರಿಗೆ ಇದಾವುದೂ ಗೊತ್ತಾಗುವುದೇ ಇಲ್ಲ.

ಆಯ್ಕೆಯೇ ಸ್ವಾತಂತ್ರ್ಯ ಎನ್ನುತ್ತೀರಿ. ಮೆನು, ಬಣ್ಣ, ಕಿಟಕಿಗಳ ಮಟ್ಟಿಗೆ ನಾನೂ ಒಪ್ಪುತ್ತೇನೆ. ಆದರೆ ಒಂದು ಅಕ್ಷರ ಪರದೆಗೆ ಬರುವ ದಾರಿ ಯಾರ ಅಭಿರುಚಿಯ ವಿಷಯವೂ ಅಲ್ಲ. ಎಲ್ಲವನ್ನೂ ಒಂದೇ ಬಾರಿಗೆ ಕಟ್ಟಿಹಾಕುವ ಮಾನಕ ನಿಲ್ಲುವುದಿಲ್ಲ ಎಂಬುದೂ ನಿಜವೇ: 1998ರಲ್ಲಿ ಶುರುವಾದ ಲಿನಕ್ಸ್ ಸ್ಟ್ಯಾಂಡರ್ಡ್ ಬೇಸ್ ಅನ್ನು ಡೆಬಿಯನ್ 2015ರಲ್ಲಿ ಕೈಬಿಟ್ಟಿತು. ಆದರೆ ಫ್ರೀಡೆಸ್ಕ್‌ಟಾಪ್‌ನ ಸಣ್ಣ ಒಪ್ಪಂದಗಳು ಉಳಿದವು. ಒಂದು ‘.ಡೆಸ್ಕ್‌ಟಾಪ್’ ಕಡತ ಇದ್ದರೆ ತಂತ್ರಾಂಶ ಗ್ನೋಮ್, ಕೆಡಿಇ ಎರಡರ ಮೆನುವಿನಲ್ಲೂ ಕಾಣಿಸುತ್ತದೆ. ಹಾರ್ಫ್‌ಬಜ್ ಗೆದ್ದದ್ದೂ ಹೀಗೆಯೇ, ಎಲ್ಲರೂ ಹಂಚಿಕೊಳ್ಳುವ ಕೋಡ್‌ನಿಂದ.

ಬರವಣಿಗೆಗೂ ಅಷ್ಟನ್ನೇ ಮಾಡಿ. ಟೆಕ್ಸ್ಟ್-ಇನ್‌ಪುಟ್‌ನ ಒಂದೇ ಆವೃತ್ತಿಗೆ ಎಲ್ಲರೂ ಬನ್ನಿ. ಭಾಷೆ ಸೇರಿಸುವ ಜಾಗ ಎಲ್ಲ ಡೆಸ್ಕ್‌ಟಾಪ್‌ಗಳಲ್ಲೂ ಕೀಬೋರ್ಡ್ ಪುಟದಲ್ಲೇ ಇರಲಿ. ಕನ್ನಡ ಆರಿಸಿದವರಿಗೆ ಕಾಗುಣಿತ ಬಲ್ಲ ಕೆಜಿಪಿಯೇ ಮೊದಲು ಕಾಣಲಿ. 2001ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಬಳಕೆದಾರರನ್ನು ಕೂರಿಸಿ ಗ್ನೋಮ್ ಅನ್ನು ಪರೀಕ್ಷಿಸಿತ್ತು. ಮುಂದಿನ ಆವೃತ್ತಿ ಬಿಡುಗಡೆ ಮಾಡುವ ಮುನ್ನ ನೀವೂ ಕನ್ನಡದ ಒಬ್ಬ ಟೈಪಿಸ್ಟ್ ಅನ್ನು ಕೂರಿಸಿ, ಆಕೆ ಎಲ್ಲಿ ತಡವರಿಸುತ್ತಾಳೆಂದು ನೋಡಿ, ಅದನ್ನು ತಿದ್ದಿದ ಮೇಲೆಯೇ ಬಿಡುಗಡೆ ಮಾಡಿ.

ಇಂತಿ,
ನಿಮ್ಮ ತಂತ್ರಾಂಶದಲ್ಲೇ ಕನ್ನಡ ಬರೆಯುವ ಒಬ್ಬ ಬಳಕೆದಾರ